ಕುಂಡಗಳಲ್ಲೇ ಕಾಟೇಜ್ ಹೂದೋಟ: ಮೈಸೂರಿನ ತಾರಸಿ, ಬಾಲ್ಕನಿಗೆ ಹೊಂದುವ ಹಾಗೆ

ದಸರಾದ ಫಲಪುಷ್ಪ ಪ್ರದರ್ಶನ ಮುಗಿಯುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮದು ಥರ್ಟಿ-ಫಾರ್ಟಿ ಸೈಟು. ಮನೆ ಸುತ್ತ ಮಣ್ಣೇ ಇಲ್ಲ, ಎಲ್ಲಾ ಟೈಲ್ಸು. ಇಂಗ್ಲೆಂಡಿನ ಕಾಟೇಜ್ ಗಾರ್ಡನ್ ಫೋಟೋ ನೋಡ್ತೀವಲ್ಲ, ಆ ಥರ ತಾರಸಿ ಮೇಲೆ ಕುಂಡದಲ್ಲಿ ಮಾಡಬಹುದಾ?"

ಮಾಡಬಹುದು. ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಫೋಟೋದಲ್ಲಿ ಕಾಣುವ ಎಷ್ಟೋ ಗಿಡಗಳು ಮೈಸೂರಿನ ಹವೆಯಲ್ಲಿ ನಿಲ್ಲುವುದಿಲ್ಲ. ಹಾಗೆಯೇ ಸಣ್ಣ ಸಣ್ಣ ಕುಂಡ ಎಷ್ಟು ಜೋಡಿಸಿದರೂ ಆ ನೋಟ ಬರುವುದಿಲ್ಲ. ಕುಂಡ ಕೆಲವೇ ಇರಲಿ, ದೊಡ್ಡದಿರಲಿ. ಒಂದೊಂದರಲ್ಲೂ ನಾಲ್ಕೈದು ಜಾತಿ ಗಿಡ ಒತ್ತೊತ್ತಾಗಿ ಬೆಳೆಯಲಿ. ನನ್ನ ಸಲಹೆಯ ತಿರುಳು ಇಷ್ಟೇ.

ಕಾಟೇಜ್ ತೋಟ ಅಂದರೆ ಏನು ಅಂತ ಸ್ವಲ್ಪ ತಿಳಿದಿರಲಿ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೂಲಿಕಾರರ ಪುಟ್ಟ ಮನೆಗಳ ಮುಂದೆ ಇದ್ದ ಚೂರು ಜಾಗದಲ್ಲಿ ತರಕಾರಿ, ಮದ್ದಿನ ಗಿಡ, ಹೂವು ಎಲ್ಲಾ ಒಟ್ಟಿಗೆ ಬೆಳೆಯುತ್ತಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ವಿಲಿಯಂ ರಾಬಿನ್ಸನ್, ಗರ್ಟ್ರೂಡ್ ಜೆಕಿಲ್ ಅವರಂಥ ತೋಟಗಾರರು ಅದನ್ನು ಮೆಚ್ಚಿ ಬರೆದರು. ಆಮೇಲೆ ಅದೊಂದು ಶೈಲಿಯಾಯಿತು. ಗೆರೆ ಎಳೆದ ಹಾಗೆ ಸಾಲಿಲ್ಲ, ಕತ್ತರಿಸಿದ ಬೇಲಿಯಿಲ್ಲ, ಒಂದು ಗಿಡ ಇನ್ನೊಂದರ ಮೇಲೆ ಒರಗಿರುತ್ತದೆ. ಕೆಆರ್‌ಎಸ್‌ನ ಬೃಂದಾವನದಲ್ಲಿ ನಾವು ನೋಡುವ ಅಳೆದು ಮಾಡಿದ ಸೊಗಸಿಗೆ ಇದು ಪೂರ್ತಿ ಉಲ್ಟಾ. ಕುಪ್ಪಣ್ಣ ಪಾರ್ಕಿನ ಪ್ರದರ್ಶನದಲ್ಲಿ ಒಂದೇ ಬಣ್ಣದ ಕುಂಡಗಳನ್ನು ಸಾಲಾಗಿ ಇಡುತ್ತಾರಲ್ಲ, ಅದಕ್ಕೂ ಉಲ್ಟಾ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಹಳೇ ಮನೆಯ ಹಿತ್ತಲು: ಬಚ್ಚಲ ನೀರಿನ ದಾರಿಯಲ್ಲಿ ಕನಕಾಂಬರ, ಪಕ್ಕದಲ್ಲಿ ಮರುಗ, ನಡುವೆ ತಾನಾಗಿ ಹುಟ್ಟಿದ ಸಂಜೆಮಲ್ಲಿಗೆ, ಗೋಡೆಗೆ ಜಾಜಿ. ಹಾಗಾಗಿ ಇದು ನಮಗೆ ತೀರಾ ಹೊಸದೇನಲ್ಲ.

1. ಮೊದಲು ಬಿಸಿಲು ನೋಡಿ

ನರ್ಸರಿಗೆ ಹೋಗುವ ಮುಂಚೆ ಒಂದು ಭಾನುವಾರ ಮನೆಯಲ್ಲೇ ಇರಿ. ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಬಿಸಿಲು ಎಲ್ಲಿ ಬೀಳುತ್ತಿದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗುರುತು ಹಾಕಿ. ಹೆಚ್ಚಿನ ಹೂಗಿಡಗಳಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಮೂರು ಗಂಟೆಗಿಂತ ಕಡಿಮೆ ಸಿಗುವ ಜಾಗದಲ್ಲಿ ಚೆಂಡು ಹೂವು, ಜಿನಿಯಾ ಇಟ್ಟರೆ ಸುಮ್ನೆ ಕಡ್ಡಿ ಕಡ್ಡಿಯಾಗಿ ಎತ್ತರ ಬೆಳೆಯುತ್ತವೆ, ಅಷ್ಟೇ.

ಜನ ಎಡವುವುದು ಎಲ್ಲಿ ಗೊತ್ತಾ? ಇವತ್ತು ಬಿಸಿಲಿರುವ ಜಾಗದಲ್ಲಿ ವರ್ಷವೆಲ್ಲಾ ಬಿಸಿಲಿರುತ್ತದೆ ಅಂದುಕೊಳ್ಳುವಲ್ಲಿ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್‌ನಲ್ಲಂತೂ ಜಾಸ್ತಿಯೇ ದಕ್ಷಿಣಕ್ಕೆ ಸರಿದಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ ಇರುವವರು ಪುಣ್ಯವಂತರು. ನಮ್ಮ ಹೂವಿನ ಕಾಲವಾದ ಚಳಿಗಾಲದಲ್ಲೇ ಅಲ್ಲಿ ಒಳ್ಳೆಯ ಬಿಸಿಲು. ಉತ್ತರದ ಬಾಲ್ಕನಿಯಲ್ಲಿ ಚಳಿಗಾಲದ ಹೂವಿಗೆ ಕೈ ಹಾಕಬೇಡಿ. ಅಲ್ಲಿ ಟೊರೀನಿಯಾ, ಕೋಲಿಯಸ್, ಬೆಗೋನಿಯಾ, ದೊಡ್ಡಪತ್ರೆ, ಪುದೀನ ಇಟ್ಟು ಎಲೆ ಬಣ್ಣದಲ್ಲೇ ಚೆಂದ ಮಾಡಿ.

2. ತೂಕ ಮತ್ತು ನೀರು ಹರಿಯುವ ದಾರಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. 18 ಇಂಚು ಅಗಲ, ಅಷ್ಟೇ ಎತ್ತರದ ಒಂದು ಗ್ರೋ ಬ್ಯಾಗಿಗೆ (ಗಿಡ ಬೆಳೆಸಲೆಂದೇ ಬರುವ ದಪ್ಪ ಚೀಲ) ಸುಮಾರು 70 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದು 80 ಕೆಜಿ ದಾಟುತ್ತದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿದರೆ ಸಿಗುವ ಅರ್ಧ ಡ್ರಮ್ಮು ತುಂಬಿದರೆ ನೂರು ಕೆಜಿಯ ಮೇಲೆಯೇ. ಆರ್‌ಸಿಸಿ ತಾರಸಿಯಾದರೂ ಭಾರದ ಕುಂಡಗಳನ್ನು ಸುತ್ತಲಿನ ಗೋಡೆ ಪಕ್ಕ, ಕೆಳಗೆ ಬೀಮ್ ಇರುವ ಕಡೆ ಇಡಿ. ನಟ್ಟನಡುವೆ ಗುಂಪು ಹಾಕಬೇಡಿ. ಅಗ್ರಹಾರದ ಕಡೆಯ ಹಳೇ ಮನೆಗಳಲ್ಲಿ ಇನ್ನೂ ಮದ್ರಾಸ್ ತಾರಸಿ ಇರುತ್ತದೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ-ಗಾರೆ ಹಾಕಿದ್ದು. ಅದರ ಮೇಲೆ ದೊಡ್ಡ ಕುಂಡ ಬೇಡವೇ ಬೇಡ. ಅಂಗಳದಲ್ಲೋ ಜಗಲಿ ಪಕ್ಕವೋ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಒಬ್ಬ ಎಂಜಿನಿಯರ್‌ಗೆ ತೋರಿಸಿ. ನಿಮ್ಮ ಮೇಸ್ತ್ರಿಯ "ಏನೂ ಆಗಲ್ಲ ಸಾರ್" ಸಾಲದು.

ಪ್ರತಿ ಕುಂಡವನ್ನೂ ಮೂರು ಇಟ್ಟಿಗೆ ಮೇಲೆ ಎತ್ತಿ ಇಡಿ. ಕೆಳಗೆ ಗಾಳಿ ಆಡುತ್ತದೆ, ನೀರು ಹರಿದು ಹೋಗುತ್ತದೆ, ಬೇಸಿಗೆಯಲ್ಲಿ ಕಾದ ಕಾಂಕ್ರೀಟಿನ ಬಿಸಿ ಬೇರಿಗೆ ತಟ್ಟುವುದಿಲ್ಲ. ಮಳೆ ನೀರಿನ ಪೈಪಿನ ಬಾಯಿಗೆ ಜಾಲರಿ ಹಾಕಿ. ಉದುರಿದ ಎಲೆ ಅಲ್ಲಿ ಕಟ್ಟಿಕೊಂಡು ತಾರಸಿ ಮೇಲೆ ನೀರು ನಿಲ್ಲುವುದೇ ಸೋರಿಕೆಗೆ ದಾರಿ. ಅಪಾರ್ಟ್‌ಮೆಂಟಿನವರು ಕೆಳಗಿನ ಮನೆಯವರ ಒಣಗಿದ ಬಟ್ಟೆಯನ್ನೂ ನೆನಪಿಟ್ಟುಕೊಳ್ಳಿ. ತಟ್ಟೆ ಇಡಲೇಬೇಕಾಗುತ್ತದೆ. ತಟ್ಟೆಯಲ್ಲಿ ನಿಂತ ನೀರಿನಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೂರು ದಿನಕ್ಕೊಮ್ಮೆ ತಟ್ಟೆ ಚೆಲ್ಲಿ ಉಜ್ಜಿ.

3. ಕುಂಡ ಆರಿಸುವುದು

ಇಪ್ಪತ್ತು ಸಣ್ಣ ಕುಂಡದ ದುಡ್ಡಿನಲ್ಲಿ ಐದು ದೊಡ್ಡದು ತನ್ನಿ. ಎಂಟು ಇಂಚಿನ ಕುಂಡದ ಮಣ್ಣು ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೇ ಒಣಗುತ್ತದೆ. ದೊಡ್ಡ ಕುಂಡದಲ್ಲಿ ತೇವ ನಿಲ್ಲುತ್ತದೆ, ಬೇರಿಗೆ ಜಾಗ ಇರುತ್ತದೆ, ಬೇರೆ ಬೇರೆ ಜಾತಿ ಒಟ್ಟಿಗೆ ಹೊಂದಿಕೊಳ್ಳುತ್ತವೆ. ಕನಿಷ್ಠ 14 ಇಂಚು ಅಗಲ, 12 ಇಂಚು ಆಳ ಇರಲಿ. ಒಂದೆರಡಾದರೂ ಅರ್ಧ ಡ್ರಮ್ಮು ಇರಲಿ.

ಮಣ್ಣಿನ ಕುಂಡ ನೋಡಲು ಚೆಂದ, ಉಸಿರಾಡುತ್ತದೆ, ಬೇಗ ಒಣಗುತ್ತದೆ. ತುಳಸಿ, ಟೇಬಲ್ ರೋಸ್, ದವನದಂಥವಕ್ಕೆ ಅದೇ ವಾಸಿ. ಕಪ್ಪು ಪ್ಲಾಸ್ಟಿಕ್ ಕುಂಡ ಬೇಸಿಗೆಯಲ್ಲಿ ಕಾದು ಬೇರನ್ನೇ ಬೇಯಿಸುತ್ತದೆ. ಅದನ್ನು ಹಿಂದಿನ ಸಾಲಿನಲ್ಲಿ, ಬೇರೆ ಕುಂಡಗಳ ನೆರಳು ಬೀಳುವಲ್ಲಿ ಇಡಿ. ಪೇಂಟಿನ 20 ಲೀಟರ್ ಬಕೆಟ್ಟು, ಹಳೇ ಉಪ್ಪಿನಕಾಯಿ ಜಾಡಿ, ತೂತಾದ ಹಂಡೆ, ಏನು ಬೇಕಾದರೂ ನಡೆಯುತ್ತದೆ. ಈ ಶೈಲಿಗೆ ಒಂದೇ ಥರದ ಕುಂಡಗಳ ಸೆಟ್ಟು ಬೇಕಾಗಿಲ್ಲ. ಆದರೆ ತಳದಲ್ಲಿ ಕಿರುಬೆರಳು ತೂರುವಷ್ಟು ದಪ್ಪದ ನಾಲ್ಕೈದು ತೂತು ಬೇಕು. ಕಾಯಿಸಿದ ಕಬ್ಬಿಣದಿಂದ ಪ್ಲಾಸ್ಟಿಕ್ ಸುಟ್ಟು ಹೊಗೆ ಕುಡಿಯುವ ಬದಲು ಡ್ರಿಲ್ ಬಳಸಿ. ಅಜ್ಜಿ ಕಾಲದ ಒರಳು ಕಲ್ಲನ್ನು ಕುಂಡ ಮಾಡುವ ಆಸೆ ಬೇಡ. ನೀರು ಹೋಗಲು ದಾರಿ ಇಲ್ಲ. ಕುಂಡಗಳ ನಡುವೆ ಇಟ್ಟು ದಿನಾ ಹೊಸ ನೀರು ಹಾಕಿದರೆ ಹಕ್ಕಿಗಳು ಬರುತ್ತವೆ.

4. ಮಣ್ಣು

ಹತ್ತರಲ್ಲಿ ಎಂಟು ತೋಟ ಕೆಡುವುದು ಇಲ್ಲೇ ಅಂತ ನನ್ನ ಅಂದಾಜು. ಸೈಟಿನಲ್ಲಿ ಅಗೆದ ಕೆಮ್ಮಣ್ಣನ್ನು ಹಾಗೇ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಇಟ್ಟಿಗೆ ಥರ ಗಟ್ಟಿಯಾಗುತ್ತದೆ. ಮಂಡ್ಯದ ನಾಲೆ ಬಯಲಿನವರು ಗದ್ದೆ ಮಣ್ಣು ತರುತ್ತಾರೆ. ಅದು ಇನ್ನೂ ಕಷ್ಟ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು.

ಬಾಂಡ್ಲಿ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಬಾಂಡ್ಲಿ ಜರಡಿ ಹಿಡಿದ ಕೆಮ್ಮಣ್ಣು, ಎರಡು ಬಾಂಡ್ಲಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಎರಡು ಬಾಂಡ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಬಾಂಡ್ಲಿ ದಪ್ಪ ಮರಳು. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ತೆಗೆಯಿರಿ. ಒಂದೊಂದು ಬಾಂಡ್ಲಿಗೂ ಒಂದು ಹಿಡಿ ಬೇವಿನ ಹಿಂಡಿ. ತಾರಸಿಯ ಭಾರ ಕಡಿಮೆ ಮಾಡಬೇಕು ಅನ್ನುವವರು ಮಣ್ಣು ಒಂದು ಬಾಂಡ್ಲಿ ಇಳಿಸಿ, ಕೊಕೊಪೀಟ್ ಒಂದು ಏರಿಸಿ, ಮರಳು ಬಿಡಿ.

ಕಲಸಿದ್ದು ಸರಿಯಾಗಿದೆಯಾ ಅಂತ ನೋಡುವುದು ಹೀಗೆ: ಸ್ವಲ್ಪ ನೀರು ಚಿಮುಕಿಸಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ತಟ್ಟಿದರೆ ಪುಡಿಯಾಗಬೇಕು. ತಟ್ಟಿದರೂ ಒಡೆಯದಿದ್ದರೆ ಅಂಟು ಜಾಸ್ತಿ, ಮರಳು ಸೇರಿಸಿ. ಉಂಡೆಯೇ ಕಟ್ಟದಿದ್ದರೆ ಗೊಬ್ಬರ ಸೇರಿಸಿ.

ಮೂರು ಎಚ್ಚರಿಕೆ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು-ಮೂರು ಸಲ ನೀರು ಬದಲಿಸಿ ಹಿಂಡಿ. ತೊಳೆಯದ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎಳೆ ಸಸಿಗಳ ಎಲೆ ತುದಿ ಸುಡುತ್ತದೆ. 5 ಕೆಜಿಯ ಒಂದು ಇಟ್ಟಿಗೆ ನೆನೆದರೆ ಸುಮಾರು 60-70 ಲೀಟರ್ ಆಗುತ್ತದೆ, ಹಾಗಾಗಿ ದೊಡ್ಡ ಟಬ್ಬೇ ಬೇಕು. ಎರಡನೆಯದು, ಹಸಿ ಸಗಣಿ ಹಾಕಬೇಡಿ. ಮಣ್ಣಿನೊಳಗೆ ಕಳಿಯುವಾಗ ಬಿಸಿ ಏರಿ ಬೇರು ಸುಡುತ್ತದೆ, ಗೊಣ್ಣೆಹುಳವೂ ಬರುತ್ತದೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಸಿಗುತ್ತದೆ. ಒಳ್ಳೆಯ ಗೊಬ್ಬರ ಹೌದು, ಆದರೆ ಅದೂ ಪೂರ್ತಿ ಕಳಿತಿರಬೇಕು. ಮೂರನೆಯದು, ತಳದಲ್ಲಿ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಇಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ಮಣ್ಣು ಒದ್ದೆಯಾಗಿ ನಿಲ್ಲುತ್ತದೆ. ಬೇರಿಗೆ ಸಿಗುವ ಆಳ ಕಡಿಮೆಯಾಯಿತು, ಅಷ್ಟೇ. ತೂತಿನ ಮೇಲೆ ಒಂದೊಂದು ಹೆಂಚಿನ ಚೂರು ಕವುಚಿ ಹಾಕಿ, ಸಾಕು.

5. ಯಾವ ಗಿಡ ಬೇಕು, ಯಾವುದು ಬೇಡ

ಬೇಡದ್ದನ್ನು ಮೊದಲು ಹೇಳುತ್ತೇನೆ. ಫಾಕ್ಸ್‌ಗ್ಲೌ, ಪಿಯೋನಿ, ಇಂಗ್ಲಿಷ್ ಲ್ಯಾವೆಂಡರ್: ಈ ಮೂರರ ಬೀಜ, ಗೆಡ್ಡೆ ಆನ್‌ಲೈನಿನಲ್ಲಿ ಬಣ್ಣ ಬಣ್ಣದ ಚಿತ್ರದ ಜೊತೆ ಸಿಗುತ್ತವೆ. ಮೊದಲ ಎರಡಕ್ಕೆ ಹೂ ಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಮಾಗಿ ಚಳಿಯಲ್ಲಿ ಕನಿಷ್ಠ ಉಷ್ಣತೆ 15-16 ಡಿಗ್ರಿ ಆಸುಪಾಸು. ಪಿಯೋನಿಗೆ ಅದು ಚಳಿಯೇ ಅಲ್ಲ. ಲ್ಯಾವೆಂಡರ್ ಚಳಿಗಾಲದಲ್ಲಿ ಚೆನ್ನಾಗಿ ಕಾಣುತ್ತದೆ, ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ದುಡ್ಡು ಉಳಿಸಿ.

ಅವುಗಳ ನೋಟ ಬೇಕು ಅಂದರೆ ಬದಲಿ ಇದೆ. ಫಾಕ್ಸ್‌ಗ್ಲೌ ಥರ ನೆಟ್ಟಗೆ ಏಳುವ ಹೂಗೊನೆಗೆ ಏಂಜಲೋನಿಯಾ, ಗ್ಲಾಡಿಯೋಲಸ್, ಸುಗಂಧರಾಜ. ಲ್ಯಾವೆಂಡರಿನ ನೀಲಿಗೆ ನೀಲಿ ಸಾಲ್ವಿಯಾ. ಪಿಯೋನಿಯ ಗುಂಡು ಹೂವಿಗೆ ನಮ್ಮ ಸೇವಂತಿಗೆ, ಡೇಲಿಯಾ. ಗೋಡೆಗೆ ಹಬ್ಬುವ ಗುಲಾಬಿಗೆ ರಂಗೂನ್ ಕ್ರೀಪರ್ ಅಥವಾ ಶಂಖಪುಷ್ಪ. ಕಾಟೇಜ್ ತೋಟದ ನಿಜವಾದ ಗಿಡಗಳಲ್ಲಿ ಹಾಲಿಹಾಕ್, ಡಯಾಂಥಸ್, ಅಲಿಸಮ್, ಫ್ಲಾಕ್ಸ್, ಸ್ವೀಟ್ ಪೀ, ಕ್ಯಾಲೆಂಡುಲಾ ಮೈಸೂರಿನ ಚಳಿಗಾಲಕ್ಕೆ ಹೊಂದಿಕೊಳ್ಳುತ್ತವೆ. ಅವನ್ನು ಧೈರ್ಯವಾಗಿ ಹಾಕಿ.

ತೋಟಕ್ಕೆ ವರ್ಷವೆಲ್ಲಾ ನಿಲ್ಲುವ ಕೆಲವು ಗಿಡ ಬೇಕು. ಋತುವಿನ ಹೂವು ಹೋದಾಗ ಬರೀ ಖಾಲಿ ಕುಂಡ ಕಾಣಬಾರದು. ನನ್ನ ಆಯ್ಕೆ: ಒಂದು ಮೈಸೂರು ಮಲ್ಲಿಗೆ, ಒಂದು ದಾಸವಾಳ, ಕನಕಾಂಬರ, ಒಂದು ಬಟನ್ ಗುಲಾಬಿ. ಮಲ್ಲಿಗೆಯನ್ನು ಡಿಸೆಂಬರ್‌ನಲ್ಲಿ ಎಲೆ ಉದುರಿಸಿ ಸವರಿದರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ.

ಇನ್ನು ಪರಿಮಳದ ಎಲೆಗಳು. ಇದನ್ನು ಬಿಟ್ಟರೆ ಕಾಟೇಜ್ ತೋಟವೇ ಅಲ್ಲ. ಇಂಗ್ಲೆಂಡಿನವರು ರೋಸ್‌ಮೇರಿ, ಥೈಮ್ ಹಾಕುವ ಕಡೆ ನೀವು ಮರುಗ, ದವನ, ಕಾಮಕಸ್ತೂರಿ, ಪಚ್ಚೆತೆನೆ ಹಾಕಿ. ಹೂವಿನ ನಡುವೆ ಮರುಗ, ದವನದ ಬೂದು ಹಸಿರು ಎದ್ದು ಕಾಣುತ್ತದೆ. ಹೂ ಕಟ್ಟುವಾಗಲೂ ಬೇಕಲ್ವಾ?

ಒಂದು ಎಚ್ಚರಿಕೆ: ಮನೆಯಲ್ಲಿ ಎಳೆ ಮಕ್ಕಳಿದ್ದರೆ ಕಣಗಿಲೆ ಬೇಡ. ಅದರ ಎಲೆ, ಕಡ್ಡಿ, ಹೂವು ಎಲ್ಲಾ ವಿಷ.

6. ಒಂದು ಕುಂಡದೊಳಗೆ ಜೋಡಿಸುವುದು

ಮೂರು ಎತ್ತರ ಇರಲಿ. ಹಿಂದೆ ನೆಟ್ಟಗೆ ಬೆಳೆಯುವುದು, ನಡುವೆ ದುಂಡಗೆ ತುಂಬಿಕೊಳ್ಳುವುದು, ಅಂಚಿನಲ್ಲಿ ಕೆಳಗೆ ಇಳಿಬೀಳುವುದು. ನೆಲದಲ್ಲಿ ನೆಡುವಾಗ ಬಿಡುವ ಅಂತರದ ಅರ್ಧ ಬಿಡಿ, ಸಾಕು. ಒತ್ತಾಗಿ ನೆಟ್ಟರೆ ನೀರು, ಗೊಬ್ಬರ ಜಾಸ್ತಿ ಬೇಕು. ಅದನ್ನು ಒಪ್ಪಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು. ಒಂದೇ ಕುಂಡದಲ್ಲಿ ಇರುವವಕ್ಕೆಲ್ಲ ನೀರಿನ ಅಭ್ಯಾಸ ಒಂದೇ ಥರ ಇರಬೇಕು. ದಿನಾ ನೀರು ಬೇಡುವ ಪುದೀನದ ಜೊತೆ ಒಣ ಮಣ್ಣು ಇಷ್ಟಪಡುವ ಟೇಬಲ್ ರೋಸ್ ಇಟ್ಟರೆ ಎರಡರಲ್ಲಿ ಒಂದು ಸಾಯುತ್ತದೆ.

ನೇರವಾಗಿ ಮಾಡಿ ನೋಡಬಹುದಾದ ನಾಲ್ಕು ಜೋಡಣೆ:

ಚಳಿಗಾಲ, ಅರ್ಧ ಡ್ರಮ್ಮು: ಹಿಂದೆ ಎರಡು ಹಾಲಿಹಾಕ್, ನಡುವೆ ಮೂರು ನೀಲಿ ಸಾಲ್ವಿಯಾ ಮತ್ತು ಮೂರು ಡಯಾಂಥಸ್, ಅಂಚಿಗೆ ನಾಲ್ಕು ಬಿಳಿ ಅಲಿಸಮ್. ಹಾಲಿಹಾಕ್ ಆಳೆತ್ತರ ಬರುತ್ತದೆ. ನೆಡುವ ದಿನವೇ ಸರ್ವೆ ಕೋಲು ನಿಲ್ಲಿಸಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ.

ಬೇಸಿಗೆ, 18 ಇಂಚಿನ ಕುಂಡ: ಹಿಂದೆ ಒಂದು ಹಳದಿ ಕಾಸ್ಮೋಸ್, ನಡುವೆ ಮೂರು ಬಟನ್ ಹೂವು (ಗಾಂಫ್ರೀನಾ) ಮತ್ತು ಎರಡು ನಿತ್ಯಪುಷ್ಪ, ಅಂಚಿಗೆ ಟೇಬಲ್ ರೋಸಿನ ಕಡ್ಡಿಗಳು. ಇದಕ್ಕಿಂತ ಗಟ್ಟಿ ಜೋಡಿ ಇನ್ನೊಂದಿಲ್ಲ. ಒಂದು ದಿನ ನೀರು ಮರೆತರೂ ಕ್ಷಮಿಸುತ್ತದೆ.

ಮಳೆಗಾಲ, 16 ಇಂಚಿನ ಕುಂಡ, ಅರೆ ಬಿಸಿಲು: ಕರ್ಣಕುಂಡಲ (ಬಾಲ್ಸಮ್) ಮೂರು, ಕೋಲಿಯಸ್ ಒಂದು, ಅಂಚಿಗೆ ಟೊರೀನಿಯಾ, ನಡುನಡುವೆ ರೈನ್ ಲಿಲಿ ಗೆಡ್ಡೆಗಳು. ಒಳ್ಳೆಯ ಮಳೆ ಬಿದ್ದು ಕೆಲವೇ ದಿನಕ್ಕೆ ರೈನ್ ಲಿಲಿ ಒಟ್ಟಿಗೆ ಅರಳುತ್ತದೆ.

ಹಿತ್ತಲಿನ ಕುಂಡ, ವರ್ಷವೆಲ್ಲಾ: ಎರಡು ಕನಕಾಂಬರ, ಒಂದು ಕಾಮಕಸ್ತೂರಿ, ಅಂಚಿಗೆ ಮರುಗ, ಖಾಲಿ ಕಂಡಲ್ಲೆಲ್ಲ ಒಂದು ಚಿಟಿಕೆ ಮೆಂತ್ಯ. ಅದು ಮೂರು-ನಾಲ್ಕು ವಾರಕ್ಕೆ ಸೊಪ್ಪಾಗುತ್ತದೆ. ಕಿತ್ತು ಸಾರಿಗೆ ಹಾಕಿ, ಮತ್ತೆ ಚೆಲ್ಲಿ.

ಬಣ್ಣದ ವಿಷಯ: ಒಂದು ಗುಂಪಿನಲ್ಲಿ ಮೂರು ಬಣ್ಣ ಸಾಕು, ಅದರಲ್ಲಿ ಒಂದು ಬಿಳಿ ಇರಲಿ. ಕೆಲಸದಿಂದ ಬಂದು ಸಂಜೆ ಮಾತ್ರ ತೋಟ ನೋಡುವವರು ಬಿಳಿಯನ್ನೇ ಜಾಸ್ತಿ ಮಾಡಿ, ಕೂರುವ ಜಾಗದ ಹತ್ತಿರ ಸಂಜೆಮಲ್ಲಿಗೆ ಇಡಿ. ನಾಲ್ಕು-ಐದು ಗಂಟೆಗೆ ಅರಳುತ್ತದೆ.

ಮೈಸೂರಿನವರಿಗೆ ಮಾತ್ರ ಹೇಳಬೇಕಾದ ಒಂದು ಮಾತು ಇದೆ. ಕಾಂಪೌಂಡಿನ ಕಡೆ ದಾಸವಾಳ, ಕನಕಾಂಬರ ಇಡಬೇಡಿ. ಬೆಳಗಿನ ವಾಕಿಂಗಿಗೆ ಪ್ಲಾಸ್ಟಿಕ್ ಕವರ್ ಹಿಡಿದು ಬರುವ ಹಿರಿಯರು ದೇವರ ಹೆಸರಲ್ಲಿ ಎಲ್ಲವನ್ನೂ ಬಿಡಿಸಿಕೊಂಡು ಹೋಗುತ್ತಾರೆ, ಕೇಳುವ ಹಾಗೂ ಇಲ್ಲ. ಪೂಜೆಗೆ ಬಾರದ ಪೆಟೂನಿಯಾ, ಸಾಲ್ವಿಯಾಗಳನ್ನು ಆ ಕಡೆ ಇಡಿ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ ಇದೇ ಕೆಲಸವನ್ನು ಕೋತಿಗಳು ಮಾಡುತ್ತವೆ. ಅಲ್ಲಿ ದಾಸವಾಳಕ್ಕೆ ಬಲೆ ಕಟ್ಟದೆ ಗತಿಯಿಲ್ಲ.

7. ಯಾವಾಗ ಏನು

ಇಂಗ್ಲೆಂಡಿನ ಪುಸ್ತಕಗಳು ಮಾರ್ಚ್-ಏಪ್ರಿಲಿನಲ್ಲಿ ಬಿತ್ತಿ ಅನ್ನುತ್ತವೆ. ಅದನ್ನು ಇಲ್ಲಿ ಪಾಲಿಸಿದರೆ ಸಸಿ ಬೇಸಿಗೆಗೆ ಸಿಕ್ಕಿ ಸುಟ್ಟುಹೋಗುತ್ತದೆ. ನಮ್ಮ ವರ್ಷ ಶುರುವಾಗುವುದು ಗಣೇಶನ ಹಬ್ಬದ ಆಸುಪಾಸಿನಲ್ಲಿ.

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಚಳಿಗಾಲದ ಹೂವಿನ ಬೀಜ ಬಿತ್ತಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮೈಸೂರಿಗೆ ಜೋರು ಮಳೆ. ಹಾಗಾಗಿ ಬೀಜದ ಟ್ರೇ ಸಜ್ಜಾ ಕೆಳಗೆ ಇರಲಿ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚಬೇಡಿ, ಸುಮ್ನೆ ಉದುರಿಸಿ ಕೈಯಲ್ಲಿ ಒತ್ತಿ, ಸ್ಪ್ರೇಯರ್‌ನಲ್ಲಿ ನೀರು ಹಾಕಿ. ಜಿನಿಯಾ, ಕಾಸ್ಮೋಸ್ ಬೀಜವನ್ನು ನೇರ ಕುಂಡಕ್ಕೇ ಹಾಕಬಹುದು. ನಾಲ್ಕೈದು ನಿಜವಾದ ಎಲೆ ಬಂದ ಸಸಿಗಳನ್ನು ದಸರಾ ಮುಗಿದ ಮೇಲೆ, ಸಂಜೆ ಹೊತ್ತಲ್ಲಿ ಕುಂಡಕ್ಕೆ ಬದಲಿಸಿ. (ಮೊಳೆತಾಗ ಮೊದಲು ಕಾಣುವ ದಪ್ಪ ಎಲೆಗಳು ಬೀಜದವು, ಅವು ಲೆಕ್ಕಕ್ಕಿಲ್ಲ.) ಬೀಜದ ಸಹವಾಸ ಬೇಡ ಅನ್ನುವವರು ನವೆಂಬರ್‌ನಲ್ಲಿ ನರ್ಸರಿಯಿಂದ ಸಸಿ ತನ್ನಿ. ಆಗಲೇ ಹೂ ತುಂಬಿದ ಗಿಡಕ್ಕಿಂತ ಮೊಗ್ಗು ಕೂಡ ಬಾರದ ಗಿಡ್ಡ ಗಿಡ ವಾಸಿ. ಅದು ನಿಮ್ಮ ಕುಂಡದಲ್ಲಿ ಬೇರು ಬಿಟ್ಟು ಆಮೇಲೆ ಹೂ ಬಿಡುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ತೋಟ ತುಂಬಿರುವ ಕಾಲ. ಮಾರ್ಚ್ ಮಧ್ಯಕ್ಕೆ ಚಳಿಗಾಲದವು ಸೊರಗುತ್ತವೆ, ಮುಲಾಜಿಲ್ಲದೆ ಕಿತ್ತು ಬೇಸಿಗೆಯವನ್ನು ಹಾಕಿ. ಏಪ್ರಿಲ್-ಮೇನಲ್ಲಿ ಗುಡುಗು ಮಳೆಯ ಜೊತೆ ಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಆಮೇಲೆ ಆಷಾಢದ ಗಾಳಿ. ತಾರಸಿ ತೋಟಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ಅದೇ. ಜೂನ್-ಜುಲೈನಲ್ಲಿ ಎತ್ತರದ ಗಿಡ ಹಾಕಲೇಬೇಡಿ. ಕುಂಡಗಳನ್ನು ಪಶ್ಚಿಮದ ಗೋಡೆ ಮರೆಗೆ ಗುಂಪಾಗಿ ಸರಿಸಿ. ಆ ತಿಂಗಳುಗಳನ್ನು ಮಲ್ಲಿಗೆ, ದಾಸವಾಳ, ಗುಲಾಬಿ ನೆಡಲು, ಸೇವಂತಿಗೆ ಕಡ್ಡಿ ಊರಲು ಬಳಸಿ.

ಸೇವಂತಿಗೆ ಬಗ್ಗೆ ಬಹಳ ಜನ ಕೇಳುವುದು: "ಗಿಡ ಪೊದೆಯಾಗಿದೆ, ಡಿಸೆಂಬರ್ ಬಂದರೂ ಮೊಗ್ಗಿಲ್ಲ, ಯಾಕೆ?" ರಾತ್ರಿ ಹೊತ್ತು ಆ ಕುಂಡದ ಹತ್ತಿರ ಹೋಗಿ ನೋಡಿ. ಹೆಚ್ಚಿನ ಸಲ ಬೀದಿ ದೀಪವೋ ತಾರಸಿಯ ಬಲ್ಬೋ ನೇರ ಅದರ ಮೇಲೆ ಬೀಳುತ್ತಿರುತ್ತದೆ. ಉದ್ದನೆಯ ಕತ್ತಲೆ ಸಿಕ್ಕರೆ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಅದಕ್ಕೇ ರಾತ್ರಿ ಉದ್ದವಾಗುವ ಕಾಲದಲ್ಲಿ ಹೂ ಬಿಡುವುದು. ದೀಪದ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆ ಅಂತಲೇ ಲೆಕ್ಕ. ಕುಂಡವನ್ನು ರಾತ್ರಿ ದೀಪದ ಬೆಳಕು ಬೀಳದ ಮೂಲೆಗೆ ಸರಿಸಿ. ಬರೀ ಗೊಬ್ಬರ ಹಾಕಿದರೆ ಪ್ರಯೋಜನವಿಲ್ಲ.

8. ನೀರು

ದಿನಕ್ಕೆ ಎಷ್ಟು ಲೋಟ ಅಂತ ಕೇಳಬೇಡಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಅಲ್ಲಿ ಒಣಗಿದ್ದರೆ ತಳದಿಂದ ನೀರು ಹೊರಬರುವವರೆಗೆ ಹಾಕಿ, ತೇವ ಇದ್ದರೆ ಬಿಡಿ. ಮೇಲೆ ಮೇಲೆ ಚಿಮುಕಿಸಿದರೆ ಬೇರೂ ಮೇಲೆಯೇ ಉಳಿಯುತ್ತದೆ. ಬೆಳಿಗ್ಗೆ ಹಾಕಿ. ಏಪ್ರಿಲ್‌ನಲ್ಲಿ ಸಂಜೆಯೂ ಬೇಕಾಗಬಹುದು. ಮಣ್ಣಿನ ಮೇಲೆ ಒಣ ಎಲೆಯೋ ಕಬ್ಬಿನ ತರಗೋ ಎರಡು ಇಂಚು ಹರಡಿದರೆ ನೀರಿನ ಖರ್ಚು ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಇದಕ್ಕೆ ಮಲ್ಚಿಂಗ್, ಅಂದರೆ ಹೊದಿಕೆ ಅನ್ನುತ್ತಾರೆ.

ಕಾವೇರಿ ನೀರು ಬರುವ ಮನೆಗಳಿಗೆ ತೊಂದರೆಯಿಲ್ಲ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ ನೀರು ಗಡಸಾಗಿರುತ್ತದೆ. ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟಿದರೆ, ಎಲೆ ಅಂಚು ಕಂದಿದರೆ ಉಪ್ಪು ಸೇರುತ್ತಿದೆ ಅಂತ ಅರ್ಥ. ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ನೀರು ಬಿಡಿ, ಮಳೆ ನೀರಾದರೆ ಇನ್ನೂ ಒಳ್ಳೆಯದು.

9. ಚಿವುಟಿ, ಕತ್ತರಿಸಿ, ಉಣಿಸಿ

ನರ್ಸರಿಯವರ ಗಿಡ ದುಂಡಗೆ, ನಮ್ಮದು ಉದ್ದಕ್ಕೆ ಯಾಕೆ? ಅವರು ಚಿವುಟುತ್ತಾರೆ, ನಮಗೆ ಮನಸ್ಸು ಬರುವುದಿಲ್ಲ. ಚೆಂಡು ಹೂವಿನ ಸಸಿ ಒಂದು ಗೇಣು ಎತ್ತರ ಬಂದಾಗ ತುದಿಯ ಎಲೆಗಳ ನಡುವೆ ಮುದುಡಿಕೊಂಡ ಎಳೆ ಕುಡಿ ಕಾಣುತ್ತದೆ. ಅದನ್ನು ಹೆಬ್ಬೆರಳು, ತೋರುಬೆರಳಿನ ಉಗುರಿನಲ್ಲಿ ಹಿಡಿದು ಚಿವುಟಿ ತೆಗೆಯಿರಿ. ಬೆರಳಿಗೆ ಘಾಟು ವಾಸನೆ ಅಂಟುತ್ತದೆ. ವಾರದೊಳಗೆ ಕೆಳಗಿನ ಒಂದೊಂದು ಎಲೆಯ ಕಂಕುಳಲ್ಲೂ ಚಿಗುರು ಒಡೆಯುತ್ತದೆ. ಒಂದು ಕೊಂಬೆ ಇದ್ದಲ್ಲಿ ನಾಲ್ಕಾಯಿತು, ಹೂವೂ ಅಷ್ಟೇ ಜಾಸ್ತಿ. ಸೇವಂತಿಗೆ, ಜಿನಿಯಾ, ಪೆಟೂನಿಯಾಕ್ಕೂ ಇದೇ. ಹಾಲಿಹಾಕ್, ಗ್ಲಾಡಿಯೋಲಸ್, ಕೋಳಿಜುಟ್ಟಿಗೆ ಮಾತ್ರ ಚಿವುಟಬೇಡಿ. ಅವುಗಳ ಹೂವು ಇರುವುದೇ ಆ ತುದಿಯಲ್ಲಿ.

ಬಾಡಿದ ಹೂವನ್ನು ತೊಟ್ಟಿನ ಸಮೇತ ಕತ್ತರಿಸಿ. ಬೀಜ ಕಟ್ಟಿದರೆ ಗಿಡಕ್ಕೆ ಕೆಲಸ ಮುಗಿಯಿತು ಅನ್ನಿಸಿ ಹೂ ನಿಲ್ಲುತ್ತದೆ.

ಗೊಬ್ಬರಕ್ಕೆ ಕಡಲೆಕಾಯಿ ಹಿಂಡಿ ಸಾಕು. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಕುಂಡಕ್ಕೊಂದು ಮಗ್ಗು. ವಾಸನೆ ಬರುತ್ತದೆ, ನೆಂಟರು ಬರುವ ದಿನ ಬೇಡ. ಅಪಾರ್ಟ್‌ಮೆಂಟಿನವರು ಬದಲಿಗೆ 19:19:19 ಅನ್ನುವ, ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ 2 ಗ್ರಾಂ ಹಾಕಿ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು ಅಂತ ಆ ಅಂಕಿಗಳ ಅರ್ಥ. ಯೂರಿಯಾ ಬೇಡ. ಎಲೆ ಸೊಂಪಾಗುತ್ತದೆ, ಹೂವು ಕಡಿಮೆಯಾಗುತ್ತದೆ.

10. ಹುಳ, ರೋಗ

ಒತ್ತಾಗಿ ನೆಟ್ಟ ತೋಟದಲ್ಲಿ ಇವು ಬಂದೇ ಬರುತ್ತವೆ. ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯ ಹಾಗೆ ಕಂಡರೆ ಅದು ಹಿಟ್ಟು ತಿಗಣೆ. ಇರುವೆ ಸಾಲು ಏರುತ್ತಿದ್ದರೆ ಅಲ್ಲಿ ತಿಗಣೆಯೋ ಸಸ್ಯಹೇನೋ ಇದೆ ಅಂತಲೇ ತಿಳಿಯಿರಿ. ಅವು ಬಿಡುವ ಅಂಟು ಸಿಹಿಗೆ ಇರುವೆ ಬರುವುದು. ಮೊದಲು ಪೈಪಿನಲ್ಲಿ ಜೋರಾಗಿ ನೀರು ಹೊಡೆದು ತೊಳೆಯಿರಿ, ತೀರಾ ಹತ್ತಿದ ಕುಡಿ ಕತ್ತರಿಸಿ ಎಸೆಯಿರಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರಕ್ಕೊಂದರಂತೆ ಮೂರು ಸಲ. ಜಿನಿಯಾ ಎಲೆ ಮೇಲೆ ಬೂದಿ ಚೆಲ್ಲಿದಂತೆ ಕಂಡರೆ ಬೂದಿ ರೋಗ. ಎಲೆ ಮೇಲೆ ನೀರು ಹಾಕುವುದು ನಿಲ್ಲಿಸಿ, ನಡುವಿನ ಒಂದೆರಡು ಗಿಡ ಕಿತ್ತು ಗಾಳಿ ಆಡಲು ಬಿಡಿ. ಸೊಪ್ಪು, ಕಾಮಕಸ್ತೂರಿ ಇರುವ ಕುಂಡಕ್ಕೆ ರಾಸಾಯನಿಕ ಔಷಧಿ ತಾಗಿಸಲೇಬೇಡಿ.

11. ಬೀಜ ಮತ್ತು ಹಳೇ ಮಣ್ಣು

ಮಾರ್ಚ್‌ನಲ್ಲಿ ಗಿಡ ಕೀಳುವ ಮುಂಚೆ ಒಳ್ಳೆಯ ಹೂ ಕೆಲವನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ತೆಗೆಯಿರಿ. ಹಾಲಿಹಾಕ್, ಕಾಸ್ಮೋಸ್, ಶಂಖಪುಷ್ಪ, ಕರ್ಣಕುಂಡಲ ಸುಲಭ. ಕಾಗದದ ಪೊಟ್ಟಣದಲ್ಲಿ ಹೆಸರು, ತಿಂಗಳು ಬರೆದು ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬೂಸ್ಟು ಹಿಡಿಯುತ್ತದೆ. ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದ ಬೀಜದ ಗಿಡ ಹೈಬ್ರಿಡ್. ಅದರ ಬೀಜ ಮುಂದಿನ ಸಲ ಅದೇ ಹೂವು ಕೊಡುವುದಿಲ್ಲ, ಕೂಡಿಡಬೇಡಿ.

ಹಳೇ ಮಣ್ಣನ್ನು ಎಸೆಯಬೇಕಿಲ್ಲ. ಬೇರು ಆರಿಸಿ, ಟಾರ್ಪಾಲಿನ ಮೇಲೆ ಹರಡಿ ಏಪ್ರಿಲ್ ಬಿಸಿಲಿಗೆ ಒಂದು ವಾರ ಒಣಗಿಸಿ, ಮೂರನೇ ಒಂದು ಪಾಲು ಹೊಸ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಸೇರಿಸಿ. ಬುಡ ಕೊಳೆತು ಸತ್ತ ಗಿಡದ ಮಣ್ಣನ್ನು ಮಾತ್ರ ಈ ರಾಶಿಗೆ ಬೆರೆಸಬೇಡಿ.